ತೆಂಗಿನ ಚಿಪ್ಪಿನ ರಸ್ತೆ

ಮಾಗಡಿ ರಸ್ತೆಯಲ್ಲಿ ತಾವರೆಕೆರೆ ದಾಟಿ ಒಳದಾರಿಗೆ ಹೊರಳಿದರೆ ಒಂದು ಕಲ್ಲು ಕ್ವಾರಿ ಸಿಗುತ್ತದೆ. ಕೊನೆಯ ವರ್ಷದ ಸಿವಿಲ್ ಎಂಜಿನಿಯರಿಂಗ್ ಮಕ್ಕಳನ್ನು ಪ್ರತಿ ವರ್ಷ ಕಾಲೇಜಿನ ಬಸ್ಸಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋಗುವುದು ನನ್ನ ಪಾಲಿನ ಕೆಲಸ. ನಾನು ಕೆಂಗೇರಿಯ ಆಚೆ ಒಂದು ಕಾಲೇಜಿನಲ್ಲಿ ರಸ್ತೆ ನಿರ್ಮಾಣದ ಪಾಠ ಹೇಳುತ್ತೇನೆ; ಜಲ್ಲಿ, ಡಾಂಬರು ಪರೀಕ್ಷೆ ಮಾಡುವ ಲ್ಯಾಬೂ ನನ್ನ ಸುಪರ್ದಿಯಲ್ಲೇ ಇದೆ. ರಸ್ತೆಗೆ ಹಾಕುವ ಜಲ್ಲಿ ಎಲ್ಲಿಂದ ಬರುತ್ತದೆ ಎಂಬುದನ್ನು ಮಕ್ಕಳು ಒಂದು ಸಲವಾದರೂ ಕಣ್ಣಾರೆ ನೋಡಲಿ ಎಂಬುದು ಪ್ರವಾಸದ ಉದ್ದೇಶ. ಸಾಮಾನ್ಯವಾಗಿ ಅವರು ಕ್ರಷರ್ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡು, ಬರುವ ದಾರಿಯಲ್ಲಿ ತಟ್ಟೆ ಇಡ್ಲಿ ತಿಂದು, ಬಸ್ಸಿನಲ್ಲಿ ನಿದ್ದೆ ಹೋಗಿಬಿಡುತ್ತಾರೆ. ನಾನೂ ಅಷ್ಟೇ.

ಕೆಲವು ವರ್ಷಗಳ ಹಿಂದೆ ಹೋದಾಗ ಮಾತ್ರ ಹಾಗಾಗಲಿಲ್ಲ. ಲಗ್ಗೆರೆಯಿಂದ ಬರುತ್ತಿದ್ದ ಒಬ್ಬಳು ಹುಡುಗಿ ಗುಂಪು ಬಿಟ್ಟು ಕ್ವಾರಿಯ ಅಂಚಿಗೆ ಹೋಗಿ ನಿಂತಿದ್ದಳು. ಕೆಳಗೆ ದೊಡ್ಡ ಹೊಂಡ. ತಳದಲ್ಲಿ ಹಸಿರು ನೀರು. ನೀರಿನ ಪಕ್ಕ ನಿಂತಿದ್ದ ಟಿಪ್ಪರ್ ಲಾರಿಗಳು ಮಕ್ಕಳ ಆಟದ ಸಾಮಾನಿನಂತೆ ಕಾಣುತ್ತಿದ್ದವು. ಬಿದ್ದಾಳೆಂದು ಹೆದರಿ ನಾನು ಅವಳ ಬಳಿಗೆ ಹೋದೆ.

"ಮೇಡಂ, ಇಲ್ಲಿ ಮುಂಚೆ ಬೆಟ್ಟ ಇತ್ತಾ?" ಎಂದು ಕೇಳಿದಳು.

"ಇತ್ತು ಕಣೇ. ಚಿಕ್ಕವಳಿದ್ದಾಗ ಮಾಗಡಿಗೆ ದೊಡ್ಡಮ್ಮನ ಮನೆಗೆ ಹೋಗ್ತಿದ್ವಲ್ಲ, ಆಗ ಬಸ್ಸಿಂದ ಕಾಣೋದು. ತುದೀಲಿ ಒಂದು ಮರ ಇತ್ತು."

"ಅಷ್ಟೂ ಎಲ್ಲಿ ಹೋಯ್ತು?"

"ನೀನು ದಿನಾ ಓಡಾಡೋ ರೋಡಲ್ಲಿದೆ."

ನಾನು ಸುಮ್ಮನೆ ಬಾಯಿಗೆ ಬಂದದ್ದನ್ನು ಹೇಳಿದ್ದೆ. ಹೇಳಿದ ಮೇಲೆ ಅದು ನಿಜವೆಂದು ಹೊಳೆದು ಮೈ ಜುಮ್ಮೆಂದಿತು. ಆ ಬೆಟ್ಟ ಎಲ್ಲೂ ಮಾಯವಾಗಿರಲಿಲ್ಲ. ಪುಡಿಯಾಗಿ, ಲಾರಿ ಹತ್ತಿ, ಡಾಂಬರು ಮೆತ್ತಿಕೊಂಡು ರಿಂಗ್ ರೋಡಾಗಿ, ವಿಜಯನಗರದ ಬೀದಿಗಳಾಗಿ, ಬಸವೇಶ್ವರನಗರದ ನನ್ನ ಮನೆಯ ಮುಂದಿನ ಅಡ್ಡರಸ್ತೆಯಾಗಿ ಮಲಗಿತ್ತು. ಇಷ್ಟು ವರ್ಷ ಜಲ್ಲಿಯ ಗಾತ್ರ, ಗಟ್ಟಿತನ, ಸವೆತ ಎಂದು ಬೋರ್ಡಿನ ಮೇಲೆ ಬರೆದು ಅಳಿಸುತ್ತಿದ್ದವಳಿಗೆ ಮೊದಲ ಸಲ ಆ ಜಲ್ಲಿಯ ಹಿಂದೆ ಒಂದು ಬೆಟ್ಟ ಕಂಡಿತು. ಭೂಮಿ ಎಷ್ಟು ಕಾಲ ಕೂತು ಆ ಕಲ್ಲನ್ನು ಮಾಡಿತ್ತೋ! ಬಸ್ಸಿನ ಡ್ರೈವರ್ ಹಾರ್ನ್ ಹೊಡೆದ ಮೇಲೆ ವಾಪಸು ಬಂದೆವು.

ಮುಂದಿನ ವಾರ ಆ ಹುಡುಗಿ ಲ್ಯಾಬಿಗೆ ಒಂದು ಗೋಣಿಚೀಲ ಹೊತ್ತುಕೊಂಡು ಬಂದಳು. ಜೊತೆಗೆ ಅವಳ ಪ್ರಾಜೆಕ್ಟ್ ಗುಂಪಿನ ಇನ್ನಿಬ್ಬರು ಹುಡುಗಿಯರು. ಚೀಲವನ್ನು ಟೇಬಲ್ಲಿನ ಮೇಲೆ ಕವುಚಿದರೆ ತೆಂಗಿನ ಚಿಪ್ಪುಗಳು ಗಡಗಡ ಸದ್ದು ಮಾಡುತ್ತಾ ನೆಲದ ತುಂಬ ಉರುಳಿದವು.

"ಇದೇನೇ ಇದು?"

"ಜಲ್ಲಿ ಮೇಡಂ," ಎಂದು ನಕ್ಕಳು.

ಅವಳ ಅಮ್ಮ ಮದುವೆ ಮನೆಗಳ ಅಡುಗೆ ಗುತ್ತಿಗೆ ಹಿಡಿಯುತ್ತಿದ್ದರು. ಅನ್ನಪೂರ್ಣೇಶ್ವರಿ ನಗರದಿಂದ ಸುಂಕದಕಟ್ಟೆವರೆಗೆ ಯಾವ ಕಲ್ಯಾಣ ಮಂಟಪದಲ್ಲಿ ಊಟ ನಡೆದರೂ ಹಿತ್ತಿಲಲ್ಲಿ ಚಿಪ್ಪಿನ ಗುಡ್ಡೆ ಬೀಳುತ್ತಿತ್ತು. ಚಟ್ನಿಗೆ, ಹುಳಿಗೆ, ಹೋಳಿಗೆಯ ಹೂರಣಕ್ಕೆ, ಪಾಯಸಕ್ಕೆ ಎಲ್ಲದಕ್ಕೂ ಕಾಯಿ ತಾನೇ. ಅದನ್ನು ವಿಲೇವಾರಿ ಮಾಡುವುದೇ ಅವರಿಗೆ ದೊಡ್ಡ ತಲೆನೋವಂತೆ. "ಕಸದ ಆಟೋದವರು ಇದನ್ನ ಹಸಿ ಕಸದಲ್ಲೂ ತಗೊಳಲ್ಲ, ಒಣ ಕಸದಲ್ಲೂ ತಗೊಳಲ್ಲ ಮೇಡಂ. 'ಇದು ಯಾವ ಜಾತೀದು ಅಂತ ನಮಗೇ ಗೊತ್ತಿಲ್ಲ, ಇಟ್ಕೊಳಿ' ಅಂತಾರೆ. ನಮ್ಮ ಬೀದಿ ಕೊನೇಲಿ ಗುಡ್ಡೆ ಹಾಕಿದ್ರೆ ಮಳೆ ನೀರು ನಿಂತು ಸೊಳ್ಳೆ. ಅವತ್ತು ಕ್ವಾರೀಲಿ ನಿಂತಾಗ ಅನ್ನಿಸ್ತು, ಬೆಟ್ಟ ಒಡೆದು ಹಾಕೋ ಜಾಗದಲ್ಲಿ ಒಂಚೂರಾದ್ರೂ ಇದನ್ನ ಹಾಕಬಹುದಾ ಅಂತ."

ತೆಂಗಿನ ಚಿಪ್ಪನ್ನು, ಭತ್ತದ ಹೊಟ್ಟಿನ ಬೂದಿಯನ್ನು, ಕಬ್ಬಿನ ಸಿಪ್ಪೆಯನ್ನು ಡಾಂಬರಿಗೆ ಬೆರೆಸಿ ನೋಡಿದವರು ಬೇರೆ ಬೇರೆ ಕಡೆ ಇದ್ದಾರೆ. ನಾನು ಅದನ್ನೆಲ್ಲ ಅಲ್ಲಿ ಇಲ್ಲಿ ಓದಿದ್ದೆ. ಓದಿ, ಇದೆಲ್ಲ ಪತ್ರಿಕೆಗೆ ಬರೆಯಲಿಕ್ಕೆ ಚೆನ್ನ ಎಂದುಕೊಂಡು ಮರೆತಿದ್ದೆ. ಈಗ ಒಂದು ಚಿಪ್ಪನ್ನು ಕೈಗೆತ್ತಿಕೊಂಡು ಟೇಬಲ್ಲಿನ ಅಂಚಿಗೆ ಕುಟ್ಟಿದೆ. ಟಣ್ ಎಂದಿತು. ಅದಕ್ಕೂ ಮುಂಚೆ ಎಷ್ಟು ಸಾವಿರ ಚಿಪ್ಪು ಎತ್ತಿ ಎಸೆದಿದ್ದೆನೋ, ಒಂದರ ಸದ್ದನ್ನೂ ಕೇಳಿರಲಿಲ್ಲ.

"ಆಯ್ತು, ಮಾಡೋಣ," ಎಂದೆ.

ಚಿಪ್ಪಿನ ಮೇಲಿನ ನಾರು ಪೂರ್ತಿ ಹೋಗಬೇಕಿತ್ತು. ನಾರು ಉಳಿದರೆ ಅದು ನೀರು ಹೀರುತ್ತದೆ, ಡಾಂಬರು ಹಿಡಿಯುವುದಿಲ್ಲ. ಲ್ಯಾಬಿನಲ್ಲಿ ಅದಕ್ಕೆ ಯಾವ ಯಂತ್ರವೂ ಇಲ್ಲ. ಒಂದು ಶನಿವಾರ ಎರಡು ಚೀಲ ಚಿಪ್ಪನ್ನು ಆಟೋದಲ್ಲಿ ಹಾಕಿಕೊಂಡು ಮನೆಗೆ ತಂದೆ. ಎಂಬತ್ತು ದಾಟಿದ ನನ್ನ ಅಮ್ಮ ಜಗಲಿಯ ಬಿಸಿಲಿಗೆ ಕಾಲು ಚಾಚಿ ಕೂತಿದ್ದಳು. ಮಂಡಿ ನೋವೆಂದು ಅವಳು ಗೇಟು ದಾಟುವುದನ್ನೇ ಬಿಟ್ಟಿದ್ದಳು. ಚೀಲ ನೋಡಿ, ನೀರು ಕಾಯಿಸುವ ಹಂಡೆ ಒಲೆ ಮತ್ತೆ ಹಾಕಿಸುತ್ತೇನೋ ಎಂದುಕೊಂಡು ಅವಳ ಮುಖ ಅರಳಿತು. ನಾನು ವಿಷಯ ಹೇಳಿದೆ. ಅರಳಿದ್ದ ಮುಖ ಗಂಟಿಕ್ಕಿತು.

"ರಸ್ತೆಗಾ? ದೇವರಿಗೆ ಒಡೆಯೋ ಕಾಯಿ ಕಣೇ ಅದು. ಅದರ ಮೇಲೆ ಜನ ಚಪ್ಪಲಿ ಹಾಕ್ಕೊಂಡು ಓಡಾಡ್ಬೇಕಾ?"

ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. "ಇವೆಲ್ಲ ಮದುವೆ ಮನೆ ಅಡುಗೇವು ಅಮ್ಮ," ಎಂದೆ.

"ಮದುವೆ ಮನೆ ಆದ್ರೇನು, ಕಾಯಿ ಕಾಯೇ."

ನಾನು ಒಳಗೆ ಹೋಗಿ ಕಾಫಿ ಮಾಡಿದೆ. ಎರಡು ಲೋಟ ಹಿಡಿದು ಹೊರಗೆ ಬರುವಷ್ಟರಲ್ಲಿ ಅಮ್ಮ ಒಂದು ಚಿಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಹಳೆಯ ಚಾಕುವಿನಿಂದ ನಾರು ಕೆರೆಯುತ್ತಿದ್ದಳು. ನನ್ನ ಕಡೆ ನೋಡದೆ ಅಂದಳು: "ಯೋಚನೆ ಮಾಡ್ದೆ. ದೇವರಿಗೂ ನಮಗೂ ತಿರುಳು ತಾನೇ ಬೇಕಾಗಿದ್ದು. ಚಿಪ್ಪನ್ನ ನಾವು ಒಲೆಗೇ ಹಾಕ್ತಿದ್ವಿ. ಸುಟ್ಟು ಬೂದಿ ಆಗೋ ಬದ್ಲು ನಾಕು ಜನಕ್ಕೆ ದಾರಿ ಆಗ್ಲಿ ಬಿಡು."

ಆ ತಿಂಗಳು ನಮ್ಮ ಜಗಲಿಯೇ ಒಂದು ಕಾರ್ಖಾನೆಯಾಯಿತು. ಎದುರು ಮನೆಯವರು, ಪಕ್ಕದ ಮನೆಯವರು ಸಂಜೆ ಬಂದು ಅಮ್ಮನ ಜೊತೆ ಕೂತು ಕೆರೆದರು. ಕೆರೆದು ನುಣುಪಾದ ಚಿಪ್ಪುಗಳನ್ನು ತಾರಸಿಯ ಮೇಲೆ ಹರವಿದರೆ ಬಿಸಿಲಿಗೆ ಹೊಳೆಯುತ್ತಿದ್ದವು. ಒಂದೊಂದರ ಬಣ್ಣವೂ ಬೇರೆ. ಒಂದು ಹುಣಸೆ ಬೀಜದಂತೆ, ಒಂದು ಹಳೆಯ ತೇಗದ ಬಾಗಿಲಿನಂತೆ, ಇನ್ನೊಂದು ಹೆಚ್ಚು ಕಡಿಮೆ ಕಪ್ಪು. ಒಣಗಲು ಹಾಕಿದ್ದನ್ನು ತಿರುವಿ ಹಾಕಲು ಹೋದವಳು ನೋಡುತ್ತಾ ಅಲ್ಲೇ ಕೂತುಬಿಡುತ್ತಿದ್ದೆ.

ಡಾಂಬರು ಪರೀಕ್ಷೆಯ ಕ್ರಮ ಹೇಳುವುದು ಸುಲಭ. ಜಲ್ಲಿಯನ್ನು ಚೆನ್ನಾಗಿ ಕಾಯಿಸಿ, ಕಾದ ಡಾಂಬರನ್ನು ಬೆರೆಸಿ, ಡಬ್ಬಿಯಂಥ ಅಚ್ಚಿಗೆ ತುಂಬಿ, ಮೇಲಿನಿಂದ ಭಾರದ ಸುತ್ತಿಗೆ ಬಿಟ್ಟು ಬಿಟ್ಟು ಗಟ್ಟಿಯಾಗಿ ಜಡಿಯಬೇಕು. ಆರಿದ ಮೇಲೆ ಅಚ್ಚಿನಿಂದ ಒಂದು ದಪ್ಪ ಬಿಲ್ಲೆ ಬರುತ್ತದೆ. ಅದನ್ನು ಬಿಸಿನೀರಿನ ತೊಟ್ಟಿಯಲ್ಲಿ ಇಟ್ಟು, ಆಮೇಲೆ ಯಂತ್ರದ ಎರಡು ದವಡೆಗಳ ನಡುವೆ ಸಿಕ್ಕಿಸಿ, ಒಡೆಯುವವರೆಗೂ ಒತ್ತುತ್ತಾರೆ. ಎಷ್ಟು ಭಾರಕ್ಕೆ ಒಡೆಯಿತು ಎಂಬುದನ್ನು ಮುಳ್ಳು ತೋರಿಸುತ್ತದೆ. ರಸ್ತೆ ಬೇಸಿಗೆಯ ಮಧ್ಯಾಹ್ನ ಲಾರಿಗಳನ್ನು ಹೊರುತ್ತದೋ ಇಲ್ಲವೋ ಎಂಬುದಕ್ಕೆ ಇದು ಒಂದು ಅಂದಾಜು.

ಹುಡುಗಿಯರು ಚಿಪ್ಪನ್ನು ಜಲ್ಲಿಯ ಗಾತ್ರಕ್ಕೆ ಒಡೆದು, ಉತ್ಸಾಹದಲ್ಲಿ ಅರ್ಧದಷ್ಟು ಜಲ್ಲಿಯನ್ನೇ ತೆಗೆದು ಅಲ್ಲಿ ಚಿಪ್ಪು ಸೇರಿಸಿದರು. ಬೇಡವೆಂದು ನಾನು ಹೇಳಲಿಲ್ಲ, ನೋಡಿಯೇ ತಿಳಿಯಲಿ ಎಂದು ಬಿಟ್ಟೆ. ಬಿಲ್ಲೆಗಳು ಅಚ್ಚಿನಿಂದ ಚೆನ್ನಾಗಿಯೇ ಬಂದವು. ಬಿಸಿನೀರಿನ ತೊಟ್ಟಿಗೆ ಇಳಿಸಿದ ಸ್ವಲ್ಪ ಹೊತ್ತಿಗೆ ಲಗ್ಗೆರೆಯ ಹುಡುಗಿ ಕೂಗಿಕೊಂಡಳು. ಹೋಗಿ ನೋಡಿದರೆ ಬಿಲ್ಲೆಗಳ ಅಂಚು ಬಿರಿಯುತ್ತಿತ್ತು. ಚಿಪ್ಪಿನ ಚೂರುಗಳು ಡಾಂಬರನ್ನು ಬಿಟ್ಟು ಒಂದೊಂದೇ ಕಳಚಿ ಮೇಲೆ ತೇಲಿ ಬಂದವು. ಯಂತ್ರಕ್ಕೆ ಇಡುವ ಮೊದಲೇ ಒಂದು ಬಿಲ್ಲೆ ಅವಳ ಕೈಯಲ್ಲೇ ಮುದ್ದೆ ಮುರಿದಂತೆ ಎರಡಾಯಿತು.

ಅವತ್ತು ಅವಳು ಅತ್ತಳು. ಅವಳಮ್ಮ ಮುಂಜಾನೆ ಅಡುಗೆಗೆ ಹೋಗುವ ಮುಂಚೆ ಚಿಪ್ಪು ಆರಿಸಿ ಬೇರೆ ಚೀಲಕ್ಕೆ ತುಂಬಿಡುತ್ತಿದ್ದರಂತೆ. "ಅಮ್ಮಂಗೆ ಏನ್ ಹೇಳ್ಲಿ ಮೇಡಂ?" ಎಂದು ಕೇಳಿದಳು.

"ಇನ್ನೂ ಬೇಕು ಅಂತ ಹೇಳು," ಎಂದೆ.

ಸುಮಾರು ದಿನ ಏನೂ ಸರಿಹೋಗಲಿಲ್ಲ. ಚಿಪ್ಪಿನ ಪಾಲು ಇಳಿಸಿದೆವು. ಚೂರುಗಳನ್ನು ಇನ್ನೂ ಚಿಕ್ಕದು ಮಾಡಿದೆವು. ಡಾಂಬರು ಸ್ವಲ್ಪ ಹೆಚ್ಚು ಹಾಕಿದೆವು. ಒಣಗಿದ್ದಾಗ ಗಟ್ಟಿ, ನೀರು ಸೋಕಿದರೆ ಸಡಿಲ. ಬೆಂಗಳೂರಿನ ರಸ್ತೆಗೆ ನೀರಿನ ಭಯವೇ ಮುಖ್ಯ. ಒಳಗಿನ ನುಣುಪು ಮೈಗೆ ಡಾಂಬರು ಅಂಟುತ್ತಿರಲಿಲ್ಲ, ಎಷ್ಟು ಕೆರೆದರೂ ಹೊರಗಿನ ಮೈ ನೀರು ಕುಡಿಯುತ್ತಿತ್ತು.

ಒಂದು ಸೋಮವಾರ ಬೆಳಗ್ಗೆ ಹುಡುಗಿ ಓಡುತ್ತಾ ಲ್ಯಾಬಿಗೆ ಬಂದಳು. ಹಿಂದಿನ ದಿನ ಒಂದು ನಾಮಕರಣದ ಅಡುಗೆಗೆ ಅಮ್ಮನ ಸಹಾಯಕ್ಕೆ ಹೋಗಿದ್ದಳಂತೆ. "ಪುಳಿಯೋಗರೆಗೆ ಅನ್ನ ಹರವಿದ ತಕ್ಷಣ ಗೊಜ್ಜು ಕಲಸಲ್ಲ ಮೇಡಂ. ಮೊದಲು ಎಣ್ಣೆ ಹಾಕಿ ಒಂದೊಂದು ಅಗುಳಿಗೂ ಸವರಿ ಬಿಡ್ತೀವಿ. ಆಮೇಲೆ ಗೊಜ್ಜು. ಚಿಪ್ಪಿಗೂ ಹಾಗೇ ಮೊದಲೇ ತೆಳ್ಳಗೆ ಡಾಂಬರು ಸವರಿ ಒಣಗಿಸಿಬಿಟ್ರೆ? ಆಮೇಲೆ ಜಲ್ಲಿ ಜೊತೆ ಬೆರೆಸಿದ್ರೆ?"

ತೆಳುವಾದ ಡಾಂಬರು ದ್ರಾವಣ ಲ್ಯಾಬಿನಲ್ಲೇ ಇತ್ತು. ಹಳೆಯ ರಸ್ತೆಯ ಮೇಲೆ ಹೊಸ ಪದರ ಹಾಕುವ ಮುಂಚೆ ಅದನ್ನೇ ಸಿಂಪಡಿಸುತ್ತಾರೆ. ಚಿಪ್ಪಿನ ಚೂರುಗಳನ್ನು ಅದರಲ್ಲಿ ಹೊರಳಿಸಿ, ಜರಡಿಯ ಮೇಲೆ ಹರವಿ, ಕಿಟಕಿಯ ಬಳಿ ಒಣಗಲು ಬಿಟ್ಟರು. ಮಾರನೆಯ ದಿನ ಅವು ಹುರಿದ ಕಾಫಿ ಬೀಜದ ಹಾಗೆ ಮಿರಮಿರ ಮಿಂಚುತ್ತಿದ್ದವು. ಜಲ್ಲಿಯ ಹತ್ತರಲ್ಲಿ ಒಂದು ಪಾಲಿನ ಜಾಗಕ್ಕೆ ಮಾತ್ರ ಅವನ್ನು ಸೇರಿಸಿ ಹೊಸ ಬಿಲ್ಲೆಗಳನ್ನು ಮಾಡಿದೆವು.

ನೀರಿನ ತೊಟ್ಟಿಯ ಸುತ್ತ ನಾವು ನಾಲ್ವರು ನಿಂತು ಕಾದದ್ದು ನನಗೆ ಚೆನ್ನಾಗಿ ನೆನಪಿದೆ. ಬಿಲ್ಲೆಗಳು ನೀರಿನ ತಳದಲ್ಲಿ ಆಮೆಗಳಂತೆ ಅಲುಗದೆ ಕೂತಿದ್ದವು. ಏನೂ ತೇಲಿ ಬರಲಿಲ್ಲ. ಒಂದನ್ನು ಎತ್ತಿ ದವಡೆಗೆ ಸಿಕ್ಕಿಸಿದೆ. ಯಂತ್ರ ಗುಂಯ್‌ಗುಟ್ಟಿತು. ಮುಳ್ಳು ಮೇಲೇರಿತು, ಇನ್ನೂ ಏರಿತು. ರಸ್ತೆಗೆ ಇಷ್ಟಾದರೂ ಬೇಕೆಂಬ ಗೆರೆ ದಾಟಿತು. ಬರೀ ಜಲ್ಲಿಯ ಬಿಲ್ಲೆ ಒಡೆಯುವ ಜಾಗದ ಹತ್ತಿರಕ್ಕೆ ಹೋಗಿ ಆಮೇಲೆ ನಿಧಾನವಾಗಿ ಇಳಿಯಿತು. ಒಡೆದ ಬಿಲ್ಲೆಯನ್ನು ಬಿಡಿಸಿ ನೋಡಿದರೆ ಬಿರುಕು ಚಿಪ್ಪಿನ ಚೂರನ್ನು ಸುತ್ತಿ ಬಳಸಿಕೊಂಡು ಹೋಗಿತ್ತು. ಚೂರು ಮಾತ್ರ ಮುರಿದಿರಲಿಲ್ಲ. ಹುಡುಗಿಯರು ಒಬ್ಬರನ್ನೊಬ್ಬರು ಹಿಡಿದುಕೊಂಡು ಕುಣಿದರು. ನಾನು ಆ ಚೂರನ್ನು ಉಗುರಿನಿಂದ ಕೀಳಲು ನೋಡಿದೆ, ಬರಲಿಲ್ಲ. ಚಟ್ನಿ ರುಬ್ಬಿ ಎಸೆದ ವಸ್ತು ಬೆಟ್ಟದ ಕಲ್ಲಿನ ಪಕ್ಕ ಸಮಸಮವಾಗಿ ಕೂತಿದೆಯಲ್ಲ ಎಂದು ನನಗೆ ನಂಬಲಾಗದಷ್ಟು ಆಶ್ಚರ್ಯವಾಯಿತು.

ಲ್ಯಾಬಿನ ಬಿಲ್ಲೆ ಬೇರೆ, ರಸ್ತೆ ಬೇರೆ. ಆ ಬೇಸಿಗೆಯಲ್ಲಿ ಕ್ಯಾಂಟೀನಿನಿಂದ ಹಿಂದಿನ ಗೇಟಿಗೆ ಹೋಗುವ ಕಾಲೇಜಿನ ರಸ್ತೆಗೆ ಹೊಸದಾಗಿ ಡಾಂಬರು ಹಾಕಿಸುತ್ತಿದ್ದರು. ಗೇಟಿನ ಹತ್ತಿರದ ತುಂಡನ್ನು ನಮಗೆ ಬಿಟ್ಟುಕೊಡಿ ಎಂದು ಪ್ರಿನ್ಸಿಪಾಲರನ್ನು ಕೇಳಿದೆ. ಅದು ಇಡೀ ಕಾಲೇಜಿನಲ್ಲೇ ತಗ್ಗಿನ ಜಾಗ, ಪ್ರತಿ ಮಳೆಗಾಲ ಕಿತ್ತುಹೋಗುವ ಜಾಗ. "ಹೇಗೂ ಹಾಳಾಗೋ ರೋಡ್ ತಾನೇ, ತಗೊಳಿ," ಎಂದರು ಅವರು.

ಡಾಂಬರು ಹಾಕಲು ಬಂದ ತಂಡ ರಾಯಚೂರು ಕಡೆಯದು. ಗಂಡಸರು ಹೆಂಗಸರು ಎಲ್ಲರೂ ಕಾಲಿಗೆ ದಪ್ಪ ಬಟ್ಟೆ ಸುತ್ತಿಕೊಂಡಿದ್ದರು. ಅವರ ಮೇಸ್ತ್ರಿ ನಮ್ಮ ಚಿಪ್ಪಿನ ಚೀಲಗಳನ್ನು ಬಿಚ್ಚಿ ನೋಡಿ, ಒಂದು ಹಿಡಿ ಎತ್ತಿ ಮೂಸಿ, "ಏನ್ರೀ ಮೇಡಮ್ಮಾರೆ, ನಾವು ರೋಡ್ ಮಾಡೂದೋ ಚಟ್ನಿ ಮಾಡೂದೋ?" ಎಂದ. ಅವನ ತಂಡದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಹುಡುಗಿ ಗಂಭೀರವಾಗಿ, "ಎರಡೂ ಅಣ್ಣ, ಚಟ್ನಿ ಆಗಿ ಮುಗೀತು, ಈಗ ರೋಡು," ಎಂದಳು. ಅವನೂ ನಕ್ಕ.

ಕೆಲಸ ಶುರುವಾಗುವ ಮುಂಚೆ ರೋಡ್ ರೋಲರಿಗೆ ಪೂಜೆ ಮಾಡಿದರು. ದೊಡ್ಡ ಕಬ್ಬಿಣದ ಚಕ್ರಕ್ಕೆ ಅರಿಶಿನ ಕುಂಕುಮ ಹಚ್ಚಿ, ಅಡಿಗೆ ನಿಂಬೆಹಣ್ಣಿಟ್ಟು, ಮೇಸ್ತ್ರಿ ಒಂದು ತೆಂಗಿನಕಾಯಿ ಒಡೆದ. ತಿರುಳನ್ನು ಚೂರು ಮಾಡಿ ಎಲ್ಲರಿಗೂ ಹಂಚಿದ. ಆಮೇಲೆ ಖಾಲಿಯಾದ ಎರಡು ಹೋಳುಗಳನ್ನು ಕೈಯಲ್ಲಿ ಹಿಡಿದು ಎಸೆಯಲು ಹೋದವನು ತಡೆದು ನಿಂತ. ನಮ್ಮ ಚೀಲದ ಕಡೆ ನೋಡಿದ. ನನ್ನ ಕಡೆ ನೋಡಿದ.

"ಇವನ್ನೂ ಹಾಕ್ಲೇನ್ರೀ?"

ನಾರು ತೆಗೆಯಬೇಕು, ಒಣಗಿಸಬೇಕು, ಡಾಂಬರು ಸವರಬೇಕು ಎಂದೆಲ್ಲ ನನ್ನ ಬಾಯಿಗೆ ಬಂದಿತ್ತು. ಅವನ ಮುಖ ನೋಡಿ ಅದನ್ನು ಹೇಳಲು ಮನಸ್ಸಾಗಲಿಲ್ಲ. "ಹಾಕಿ," ಎಂದೆ. ಅವನು ಆ ಹೋಳುಗಳನ್ನು ಕಲ್ಲಿನ ಮೇಲಿಟ್ಟು ಜಜ್ಜಿ, ಚೂರುಗಳನ್ನು ಕಣ್ಣಿಗೊತ್ತಿಕೊಂಡು ಮಿಕ್ಸರಿನೊಳಗೆ ಹಾಕಿದ. ನಗುತ್ತಿದ್ದ ಹೆಂಗಸರು ಈಗ ನಗಲಿಲ್ಲ. ಒಬ್ಬಳು ಕೈ ಮುಗಿದಳು.

ಮಿಕ್ಸರ್ ತಿರುಗತೊಡಗಿತು. ಕಾದ ಜಲ್ಲಿಯೊಳಗೆ ನಮ್ಮ ಚಿಪ್ಪು ಬಿತ್ತು, ಮೇಲಿಂದ ಡಾಂಬರು. ನಮಗೆಲ್ಲ ಗೊತ್ತಿರುವ ಟಾರಿನ ವಾಸನೆ ಮೊದಲು ಎದ್ದಿತು. ಅದರ ಹಿಂದೆಯೇ ಇನ್ನೊಂದು ವಾಸನೆ ಬಂತು. ಬಾಣಲೆಯಲ್ಲಿ ಕೊಬ್ಬರಿ ಹುರಿದರೆ ಬರುವ ಪರಿಮಳ ಅದು. ಲ್ಯಾಬಿನಲ್ಲಿ ಅಲ್ಪಸ್ವಲ್ಪ ಬಂದಿತ್ತು, ಆದರೆ ಇಷ್ಟು ಹರಡಿರಲಿಲ್ಲ. ಸಲಿಕೆ ಹಿಡಿದಿದ್ದವರು ತಲೆಯೆತ್ತಿದರು. ಕ್ಯಾಂಟೀನಿನ ಅಡುಗೆಯವರು ಸೌಟು ಹಿಡಿದುಕೊಂಡೇ ಹೊರಗೆ ಬಂದು ನಿಂತರು. ಕ್ಲಾಸು ಮುಗಿಸಿ ಗೇಟಿನ ಕಡೆ ಹೊರಟಿದ್ದ ಹುಡುಗರ ಗುಂಪಿನಲ್ಲಿ ಒಬ್ಬ, "ಮಗಾ, ಯಾರೋ ಹೋಳಿಗೆ ಮಾಡ್ತಾವ್ರೆ ಕಣೋ," ಎಂದು ಸುತ್ತ ನೋಡಿದ. ಹೊಗೆಯ ನಡುವೆ ಮೇಸ್ತ್ರಿ ಮೂಗರಳಿಸಿ ನಿಂತಿದ್ದ. ಎಷ್ಟೋ ಜಿಲ್ಲೆಗಳ ರಸ್ತೆ ಮಾಡಿದವನಂತೆ ಅವನು; ಡಾಂಬರಿನ ಬಾಣಲೆಯಿಂದ ಇಂಥ ವಾಸನೆ ಬಂದದ್ದು ಇದೇ ಮೊದಲು ಎಂದು ಮತ್ತೆ ಮತ್ತೆ ಹೇಳಿದ. ಆ ಬಿಸಿಲು, ಹೊಗೆ, ಶಾಖದ ನಡುವೆ ನನಗೆ ಹಬ್ಬದ ಮನೆಯೊಳಗೆ ನಿಂತ ಹಾಗಿತ್ತು. ರೋಲರ್ ಹಿಂದೆ ಮುಂದೆ ಓಡಾಡಿ, ಮಧ್ಯಾಹ್ನದ ಹೊತ್ತಿಗೆ ಗೇಟಿನ ಬಳಿ ಕಪ್ಪಗೆ ಹೊಳೆಯುವ ಒಂದು ತುಂಡು ರಸ್ತೆ ಸಿದ್ಧವಾಯಿತು. ಪಕ್ಕದ ರಸ್ತೆಗೂ ಅದಕ್ಕೂ ನೋಡಲು ಏನೂ ವ್ಯತ್ಯಾಸವಿರಲಿಲ್ಲ.

ಮಳೆಗಾಲ ಬಂತು. ಆ ವರ್ಷ ಒಂದು ಮಧ್ಯಾಹ್ನ ಸುರಿದ ಮಳೆಗೆ ಕೆಂಗೇರಿ ಕಡೆ ವೃಷಭಾವತಿ ಉಕ್ಕಿ, ಮೈಸೂರು ರಸ್ತೆಯಲ್ಲಿ ಬಸ್ಸುಗಳು ನಿಂತಲ್ಲೇ ನಿಂತವು. ಉಲ್ಲಾಳದ ಕಡೆಯಿಂದ ಇಳಿದು ಬಂದ ನೀರೆಲ್ಲ ನಮ್ಮ ಹಿಂದಿನ ಗೇಟಿನ ತಗ್ಗಿಗೆ ನುಗ್ಗಿತು. ಅದೇ ಹೊತ್ತಿಗೆ ಹಾಸ್ಟೆಲ್ ಕಟ್ಟಡಕ್ಕೆ ಎಂ ಸ್ಯಾಂಡ್, ಅಂದರೆ ಕಲ್ಲು ಅರೆದು ಮಾಡಿದ ಮರಳು, ತಂದ ಒಂದು ಟಿಪ್ಪರ್ ಗೇಟಿನೊಳಗೆ ಬಂದು, ಆಕ್ಸೆಲ್ ಮುರಿದು, ಸರಿಯಾಗಿ ನಮ್ಮ ತುಂಡಿನ ಮೇಲೆ ನಿಂತುಬಿಟ್ಟಿತು. ಲೋಡ್ ಇಳಿಸುವ ಹಾಗಿಲ್ಲ, ನೂಕುವ ಹಾಗಿಲ್ಲ. ಒದ್ದೆಯಾದ ಮರಳು ಇನ್ನೂ ಭಾರ. ಚಕ್ರಗಳು ನೀರಿನೊಳಗೆ. ಎರಡನೇ ಮಹಡಿಯ ಕಾರಿಡಾರಿನಿಂದ ನಾನು ನೋಡುತ್ತಾ ನಿಂತಿದ್ದೆ. ನನ್ನ ಪಕ್ಕ ಬಂದು ನಿಂತ ಹುಡುಗಿಯ ಮುಖ ಬಿಳಿಚಿಕೊಂಡಿತ್ತು. ಅವಳ ಕೊನೆಯ ಪರೀಕ್ಷೆ ಅಷ್ಟರಲ್ಲಿ ಮುಗಿದಿತ್ತು. ಮಾರ್ಕ್ಸ್ ಕಾರ್ಡಿಗೂ ಆ ರಸ್ತೆಗೂ ಯಾವ ಸಂಬಂಧವೂ ಉಳಿದಿರಲಿಲ್ಲ. ಆದರೂ ಬಂದಿದ್ದಳು.

"ಹೋಯ್ತು ಮೇಡಂ," ಎಂದಳು.

"ಇರು, ನೋಡೋಣ," ಎಂದೆನೇ ಹೊರತು ನನಗೂ ನಂಬಿಕೆಯಿರಲಿಲ್ಲ. ನೆನೆದ ಡಾಂಬರಿನ ಮೇಲೆ ಅಷ್ಟು ಭಾರ ಅಲುಗದೆ ನಿಂತರೆ ಒಳ್ಳೆಯ ರಸ್ತೆಯೇ ಕುಸಿಯುತ್ತದೆ.

ಮಳೆ ಬಿಟ್ಟು, ನೀರು ಇಳಿದು, ಮೆಕ್ಯಾನಿಕ್ ಬಂದು ಆ ಲಾರಿಯನ್ನು ಎಳೆಸಿದ ದಿನ ನಾವಿಬ್ಬರೂ ಬೆಳಗ್ಗೆಯೇ ಅಲ್ಲಿದ್ದೆವು. ರಸ್ತೆಯ ಮೇಲೆ ದಪ್ಪ ಕೆಸರು ಕೂತಿತ್ತು. ಹುಡುಗಿ ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ತೋಟದ ಪೈಪಿನಿಂದ ನೀರು ಬಿಟ್ಟಳು. ಕೆಸರು ಕರಗಿ ಹರಿಯಿತು. ಕಪ್ಪು ಮೈ ಕಾಣಿಸಿತು. ನಾನು ಲ್ಯಾಬಿನಿಂದ ತಂದಿದ್ದ ಉದ್ದದ ಅಲ್ಯೂಮಿನಿಯಂ ಪಟ್ಟಿಯನ್ನು ಚಕ್ರ ನಿಂತಿದ್ದ ಜಾಗದ ಮೇಲೆ ಅಡ್ಡ ಇಟ್ಟು, ಮಂಡಿಯೂರಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ, ಪಟ್ಟಿಗೂ ರಸ್ತೆಗೂ ನಡುವೆ ಬೆಳಕು ಕಾಣುತ್ತದೆಯೇ ನೋಡಿದೆ. ಕಾಣಲಿಲ್ಲ; ರಸ್ತೆ ಒಂದು ಚೂರೂ ತಗ್ಗಿರಲಿಲ್ಲ. ಅತ್ತ ಕಡೆಯಿಂದ ಅವಳೂ ಬಗ್ಗಿ ನೋಡಿದಳು. ಪಟ್ಟಿಯ ಎರಡು ತುದಿಗಳಲ್ಲಿ ನೆಲಕ್ಕೆ ಮುಖ ಹಚ್ಚಿದ್ದ ನಮ್ಮಿಬ್ಬರನ್ನು ಕಂಡು ಗೇಟಿನ ಸೆಕ್ಯುರಿಟಿಯವರು, "ಏನಾದ್ರೂ ಕಳ್ಕೊಂಡ್ರಾ ಮೇಡಂ?" ಎಂದು ಓಡಿ ಬಂದರು. ಅವಳು ಒದ್ದೆ ರಸ್ತೆಯ ಮೇಲೆ ಅಂಗೈ ಇಟ್ಟು ಹಾಗೇ ಕೂತಿದ್ದಳು. ನಾನು ಪಟ್ಟಿಯನ್ನು ಇನ್ನೊಂದು ಚಕ್ರದ ಜಾಗಕ್ಕೆ ಸರಿಸಿ ಮತ್ತೆ ಬಗ್ಗಿದೆ.

ಎಲ್ಲವೂ ಸರಿಯಾಗಿತ್ತು ಎಂದರೆ ಸುಳ್ಳಾಗುತ್ತದೆ. ಮೇಲ್ಮೈಯಲ್ಲಿದ್ದ ಕೆಲವು ಚಿಪ್ಪಿನ ಚೂರುಗಳು ಎದ್ದುಹೋಗಿ ಅಲ್ಲಲ್ಲಿ ಕಡಲೆ ಗಾತ್ರದ ಗುಳಿಗಳಾಗಿದ್ದವು. ಅಂಚಿನಲ್ಲಿ ಒಂದು ಕಡೆ ಕಿತ್ತುಬಂದಿತ್ತು. ಹೆದ್ದಾರಿಗೆ ಇದು ಆಗುತ್ತದೆ ಎಂದು ನಾನು ಇವತ್ತಿಗೂ ಹೇಳುವುದಿಲ್ಲ. ಬಡಾವಣೆಯ ಒಳರಸ್ತೆಗೆ, ಪಾರ್ಕಿನ ದಾರಿಗೆ, ಮೇಲೆ ಬರೀ ಜಲ್ಲಿಯ ತೆಳು ಪದರ ಹಾಕಿದರೆ ಆಗಬಹುದು, ಇನ್ನೂ ಕೆಲವು ಮಳೆಗಾಲ ನೋಡಬೇಕು ಎನ್ನುತ್ತೇನೆ.

ದಸರಾ ಕಳೆದ ಮೇಲೆ ಒಳಗೆ ಏನಾಗಿದೆ ನೋಡಬೇಕೆಂದು ರಸ್ತೆಗೆ ಕೊರೆಯುವ ಯಂತ್ರ ಹಾಕಿಸಿದೆ. ನೀರು ಚಿಮ್ಮಿಸುತ್ತಾ ಅದು ಕೆಳಗಿಳಿದು, ರಸ್ತೆಯಿಂದ ಒಂದು ದುಂಡನೆಯ ತುಂಡನ್ನು ಕತ್ತರಿಸಿ ತಂದಿತು. ಹುಡುಗಿ ಅಷ್ಟರಲ್ಲಿ ಪೀಣ್ಯದ ಒಂದು ಮಣ್ಣು, ಜಲ್ಲಿ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದಳು. ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಜೊತೆಗೆ ಅವಳಮ್ಮನೂ ಇದ್ದರು. ಅವತ್ತು ಯಾವ ಮದುವೆಯೂ ಇರಲಿಲ್ಲವಂತೆ.

ತುಂಡನ್ನು ನಲ್ಲಿಯ ಕೆಳಗೆ ತೊಳೆದೆ. ಕೊರೆದ ಮೈ ಕನ್ನಡಿಯಂತೆ ನುಣ್ಣಗಿತ್ತು. ಕಪ್ಪು ಡಾಂಬರಿನ ನಡುವೆ ಬೂದುಬಣ್ಣದ ಕಲ್ಲುಗಳು ಒತ್ತೊತ್ತಾಗಿ ಕೂತಿದ್ದವು. ಅವುಗಳ ಸಂದಿಗಳಲ್ಲಿ ಅಲ್ಲೊಂದು ಇಲ್ಲೊಂದು ತೆಳ್ಳನೆಯ ಕಂದು ಗೆರೆಗಳು. ಬಾಗಿದ ಚಿಪ್ಪನ್ನು ಯಂತ್ರ ಅಡ್ಡಲಾಗಿ ಸೀಳಿದ್ದರಿಂದ ಪ್ರತಿಯೊಂದೂ ಬಿದಿಗೆಯ ಚಂದ್ರನಂತೆ ಬಾಗಿತ್ತು. ಒಂದು ಮೇಲ್ಮುಖವಾಗಿ, ಒಂದು ಮಗ್ಗುಲಾಗಿ, ಒಂದು ಕವುಚಿ. ನಾನು ತುಂಡನ್ನು ತಿರುಗಿಸಿದ ಹಾಗೆಲ್ಲ ಕತ್ತಲೆಯೊಳಗಿಂದ ಇನ್ನೊಂದು ಚಂದ್ರ ಹುಟ್ಟುತ್ತಿತ್ತು. ಅಷ್ಟು ನೀರು, ಅಷ್ಟು ಭಾರ ಕಂಡರೂ ಒಂದರ ಸುತ್ತಲೂ ಬಿರುಕಿರಲಿಲ್ಲ. ಕೋಟಿಗಟ್ಟಲೆ ವರ್ಷದ ಕಲ್ಲು, ಒಂದು ವರ್ಷ ಮರದಲ್ಲಿ ತೂಗಿ ಬೆಳೆದ ಕಾಯಿಯ ಚಿಪ್ಪು, ಎರಡೂ ಒಂದನ್ನೊಂದು ಒರಗಿಕೊಂಡು ಒಂದೇ ಆಗಿದ್ದವು. ರಸ್ತೆಯೊಳಗೆ ಇಷ್ಟು ಚೆಲುವು ಇರುತ್ತದೆಂದು ಅಷ್ಟು ವರ್ಷ ಪಾಠ ಹೇಳಿದ ನನಗೆ ಯಾರೂ ಹೇಳಿರಲಿಲ್ಲ.

ಹುಡುಗಿಯ ಅಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಮುಂದೆ ಬಂದರು. ತುಂಡನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಭಾರಕ್ಕೆ ಸ್ವಲ್ಪ ಬಾಗಿ, ಕಿಟಕಿಯ ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು. "ಇದು ನಮ್ಮ ಕಾಯಾ?" ಎಂದು ಮಗಳನ್ನು ಕೇಳಿದರು.

"ಹೂಂ ಅಮ್ಮ."

"ಯಾವ ಮದುವೇದೋ ಏನೋ," ಎಂದು ಅವರು ಒಂದು ಕಂದು ಗೆರೆಯ ಮೇಲೆ ಹೆಬ್ಬೆರಳು ಆಡಿಸಿದರು. "ಆ ಹೆಣ್ಣು ಗಂಡು ಎಲ್ಲಿದಾರೋ, ಚೆನ್ನಾಗಿರ್ಲಿ."

ಆ ತುಂಡು ಈಗ ಲ್ಯಾಬಿನ ಗಾಜಿನ ಬೀರುವಿನಲ್ಲಿದೆ. ಕೊರೆದ ಕುಳಿಯನ್ನು ಅವತ್ತೇ ಸಂಜೆ ಚಿಪ್ಪು ಬೆರೆಸಿದ ಡಾಂಬರಿನಿಂದಲೇ ಮುಚ್ಚಿಸಿದೆವು. ಅದು ಆರುವ ಮೊದಲೇ ಹಾಸ್ಟೆಲ್ ಹುಡುಗರ ಬೈಕು ಅದರ ಮೇಲೆ ಹಾದುಹೋಯಿತು.